ಸುಂಕಣ್ಣನ ಹೆಸರಿನ ಕಾರು

4-3-74, ಸೋಮವಾರ

ಇವತ್ತು ಮೂರು ಕಂಪ್ಲೇಂಟು. ಒಂದು ಕಾರಿನ ಬಾಗಿಲು ಮುಚ್ಚುವುದಿಲ್ಲ. ಇನ್ನೊಂದರದು ಮುಚ್ಚಿದರೆ ತೆರೆಯುವುದಿಲ್ಲ. ಮೂರನೆಯದು ಕುರುಗೋಡಿನ ಡಾಕ್ಟರದು — ಏರು ಬಂದರೆ ಇಂಜಿನ್ ಆಫ್. ಬುಕ್ ಮಾಡಿ ಒಂಬತ್ತು ವರ್ಷ ಕಾದು ತಗೊಂಡ ಗಾಡಿ. ತಗೊಂಡು ಎಂಟು ತಿಂಗಳು.

"ಏನ್ರಿ ಗವಿಸಿದ್ದಪ್ಪ, ಗರುಡ ಅಂತ ಹೆಸರಿಟ್ಟೀರಿ, ಕೋಳಿಯಷ್ಟೂ ಹಾರವಲ್ದು" ಅಂದರು.

ಅವರು ಕನ್ನಡದಲ್ಲಿ ಬೈಯುತ್ತಾರೆ, ನಾನು ಕಂಪ್ಲೇಂಟ್ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಬರೆಯುತ್ತೇನೆ. ಬೈಗಳೆಲ್ಲ ಅಲ್ಲೇ ಸೋಸಿ ಹೋಗುತ್ತವೆ. ಕೊನೆಯ ಕಾಲಮ್ಮು 'ಕಾರಣ'. ಈ ಶೋರೂಮಿಗೆ ಸೇರಿ ಹನ್ನೊಂದು ವರ್ಷ, ಅಲ್ಲಿ ಬರೆದದ್ದು ಎರಡೇ ಉತ್ತರ — ರಸ್ತೆ ಸರಿಯಿಲ್ಲ, ಇಲ್ಲವೇ ಡ್ರೈವರ್ ಸರಿಯಿಲ್ಲ. ಕಾರು ಸರಿಯಿಲ್ಲ ಅಂತ ಬರೆದರೆ ಮ್ಯಾನೇಜರ್ ಮಲ್ಲಯ್ಯನವರು ಒಳಗೆ ಕರೆಯುತ್ತಾರೆ. ಡಾಕ್ಟರಿಗೆ 'ರಸ್ತೆ' ಅಂತ ಬರೆದೆ. ಅವರ ಗಾಡಿ ಅವರೇ ಓಡಿಸುತ್ತಾರೆ. ಅಷ್ಟಾದರೂ ಮರ್ಯಾದೆ ಬೇಡವೇ.

11-3-74, ಸೋಮವಾರ

ಫ್ಯಾಕ್ಟರಿಯಿಂದ ಸರ್ಕ್ಯುಲರು. ಮೇಲೆ ಕೆಂಪಕ್ಷರದಲ್ಲಿ 'ಕಾನ್ಫಿಡೆನ್ಶಿಯಲ್'. ಕಳೆದ ವರ್ಷದ ಒಂದು ಸರಣಿಯ ಗಾಡಿಗಳಲ್ಲಿ ಹಿಂದಿನ ಬ್ರೇಕ್ ಪೈಪು ಕ್ಲಿಪ್ಪಿಗೆ ಉಜ್ಜಿ ಉಜ್ಜಿ ಸವೆಯುತ್ತದಂತೆ. ತೂತು ಬಿದ್ದರೆ ಎಣ್ಣೆಯೆಲ್ಲ ಹೋಗಿ ಬ್ರೇಕ್ ಹಿಡಿಯುವುದಿಲ್ಲ. ಗಾಡಿ ಸರ್ವಿಸಿಗೆ ತಾನಾಗಿ ಬಂದರೆ ಪೈಪು ಬದಲಿಸಿ, ಗಿರಾಕಿಗೆ ತಿಳಿಸಬೇಡಿ ಅಂತ ಬರೆದಿದೆ. ಅಷ್ಟು ಸ್ಪಷ್ಟವಾಗಿ.

ನಮ್ಮ ಕಡೆಯವು ಆರು ಗಾಡಿ.

ಮಲ್ಲಯ್ಯನವರನ್ನು ಕೇಳಿದೆ. "ತಾವಾಗಿ ಬರದಿದ್ರ, ಸರ್?"

"ಬರ್ತಾವ ಬಿಡಪಾ."

"ಅಮೇರಿಕಾದಾಗ ಪೇಪರಿನಾಗ ಹಾಕಿ ಎಲ್ಲಾ ಗಾಡಿ ವಾಪಸ್ ಕರೀತಾರಂತ್ರಿ."

"ಹಂಗಿದ್ರ ಅಮೇರಿಕಾಕ್ಕ ಹೋಗು. ಇಲ್ಲಿ ಜನ ಒಂಬತ್ತು ವರ್ಷ ಕಾಯ್ತಾರ. ಬ್ರೇಕ್ ಸರಿ ಇಲ್ಲ ಅಂದ್ರ ಕಂಪನಿ ಮರ್ಯಾದಿ ಉಳೀತೈತೇನು?"

ಸರ್ಕ್ಯುಲರ್ ಬೀರುವಿನೊಳಗೆ ಹೋಯಿತು. ಥೂ.

14-3-74, ಗುರುವಾರ

ಮಾಡಿಬಿಟ್ಟೆ. ಮಲ್ಲಯ್ಯನವರು ಊಟಕ್ಕೆ ಹೋದಾಗ ಡೆಲಿವರಿ ಪುಸ್ತಕ ತೆಗೆದು ಆರು ವಿಳಾಸ ಗಡಿಬಿಡಿಯಲ್ಲಿ ಗೀಚಿಕೊಂಡೆ. ಮನೆಗೆ ಬಂದು ಆರು ಇನ್‌ಲ್ಯಾಂಡ್ ಲೆಟರ್ ಬರೆದೆ, ಕನ್ನಡದಲ್ಲಿ. 'ನಿಮ್ಮ ಗರುಡ ಕಾರಿನ ಬ್ರೇಕ್ ಪೈಪು ಸವೆದಿರುವ ಸಂಭವವಿದೆ. ಕೂಡಲೇ ಬಳ್ಳಾರಿಗೆ ತಂದು ಬದಲಾಯಿಸಿಕೊಳ್ಳಿ. ಹಾಗೇ ಓಡಿಸಿದರೆ ಪ್ರಾಣಕ್ಕೆ ಅಪಾಯ.' ಸಹಿ ಹಾಕಲಿಲ್ಲ.

ಹೆಂಡತಿ ವೀರಭದ್ರಮ್ಮ ಹಿಂದೆ ನಿಂತು ಓದಿದಳು. "ಕೆಲಸ ಹೋದ್ರ ಈ ಸತ್ಯನಾರಾಯಣಪೇಟೆ ಮನಿ ಬಾಡಿಗಿ ನಿಮ್ಮ ಗರುಡ ಕೊಡ್ತೈತೇನು?" ಅಂದಳು. ಅಂದವಳೇ ಅಂಟು ಹಚ್ಚಿ ಕೊಟ್ಟಳು.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಕಾರಣದ ಜಾಗದಲ್ಲಿ ಕಾರಣ ಬರೆದೆ. ಹೊಟ್ಟೆ ತಣ್ಣಗಾಯಿತು.

2-4-74, ಮಂಗಳವಾರ

ಯುಗಾದಿ ಮುಗಿಯಿತು. ಐದು ಗಾಡಿ ಬಂದು ಹೋದವು. ಮಿಸ್ತ್ರಿ ಮಾರೆಣ್ಣ ಬಿಚ್ಚಿದ ಪೈಪೊಂದನ್ನು ನನ್ನ ಟೇಬಲ್ ಮೇಲೆ ಇಟ್ಟ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. "ಇನ್ನೊಂದು ತಿಂಗ್ಳು ಓಡಿದ್ರ ಮುಗೀತಿತ್ತು ನೋಡ್ರಿ" ಅಂದ.

ಐದೂ ಒಮ್ಮೆಲೇ ಹೇಗೆ ಬಂದವು ಅಂತ ಮಲ್ಲಯ್ಯನವರಿಗೆ ಅನುಮಾನ. ನನ್ನ ಮುಖವನ್ನೇ ನೋಡಿದರು. ನಾನು ಪೆನ್ನಿಗೆ ಇಂಕು ತುಂಬುತ್ತಾ ಕೂತೆ.

ದೇಶನೂರಿನದೊಂದು ಬಾಕಿ. ಭತ್ತದ ಕೊಯ್ಲು ನಡೆದಿರಬೇಕು. ಬರುತ್ತಾನೆ.

20-4-74, ಶನಿವಾರ

ನಿನ್ನೆ ಕುರುಗೋಡು ಬಸ್‌ಸ್ಟ್ಯಾಂಡಿನ ಹತ್ತಿರ ಗರುಡ ಕಾರೊಂದು ಮಿರ್ಚಿ-ಮಂಡಾಳು ಮಾರುವ ಜಂಬಮ್ಮನ ಮೇಲೆ ಹೋಯಿತು. ಅಲ್ಲೇ ಪ್ರಾಣ ಬಿಟ್ಟಳು. ಬ್ರೇಕ್ ಹಿಡಿಯಲಿಲ್ಲ. ಓಡಿಸುತ್ತಿದ್ದವರು ಸಿರುಗುಪ್ಪದ ರೈಸ್‌ಮಿಲ್ಲಿನ ಕೊಟ್ರಬಸಪ್ಪ ಸಾವ್ಕಾರ್ರು.

ಅವರಿಗೆ ನಾನು ಕಾಗದ ಬರೆದಿರಲಿಲ್ಲವಲ್ಲ ಅಂದುಕೊಂಡು ಡೆಲಿವರಿ ಪುಸ್ತಕ ತೆಗೆದೆ. ಗಾಡಿ ನಂಬರು ಹುಡುಕಿದೆ. ಹೆಸರು: ಸುಂಕಣ್ಣ, ದೇಶನೂರು.

ಅಯ್ಯೋ. ಸುಂಕಣ್ಣ ಅವರ ಮಿಲ್ಲಿನ ಹಮಾಲಿ. ಸಾವ್ಕಾರ್ರ ಹೆಸರಿನಲ್ಲಿ ಆಗಲೇ ಒಂದು ಕಾರಿತ್ತು. ಎರಡನೆಯದು ಬೇಗ ಬರಲೆಂದು ಆಳುಗಳ ಹೆಸರಿನಲ್ಲೆಲ್ಲ ಬುಕ್ ಮಾಡಿಸಿದ್ದರು. ಎಲ್ಲ ಸಾವ್ಕಾರ್ರೂ ಮಾಡುತ್ತಾರೆ. ಶೋರೂಮಿನ ಮುಂದೆ ಕಾಯಿ ಒಡೆದವರು ಕೊಟ್ರಬಸಪ್ಪನವರು, ಪುಸ್ತಕಕ್ಕೆ ಬಿದ್ದ ಹೆಸರು ಸುಂಕಣ್ಣನದು. ಆ ಸಾಲು ಬರೆದವನು ನಾನು. ನನ್ನದೇ ಅಕ್ಷರ!

ಆ ಪುಸ್ತಕ ಸುಳ್ಳು ಅಂತ ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಆದರೂ ಅದನ್ನೇ ನಂಬಿ ವಿಳಾಸ ಬರೆದೆ. ಮುಠ್ಠಾಳ.

23-4-74, ಮಂಗಳವಾರ

ಸುಂಕಣ್ಣನನ್ನು ಹಿಡಿದುಕೊಂಡು ಹೋದರು.

ಕೊಟ್ರಬಸಪ್ಪನವರ ಹೇಳಿಕೆ — ಗಾಡಿ ಅವನದು, ಗುಡಿಗೆ ಹೋಗಲು ಒಂದು ದಿನದ ಮಟ್ಟಿಗೆ ಕೇಳಿ ತಂದಿದ್ದೆ. ಮೂಟೆ ಹೊರುವವನಿಂದ ಸಾವ್ಕಾರ್ರು ಕಾರು ಎರವಲು ತಂದರಂತೆ! ಕೇಳಿ ಯಾರೂ ನಗಲಿಲ್ಲ. ಆರ್‌ಸಿ ಅವನ ಹೆಸರಿನಲ್ಲಿದೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಅವನ ಮನೆ ಶೋಧಿಸಿದಾಗ ನನ್ನ ಇನ್‌ಲ್ಯಾಂಡ್ ಲೆಟರ್ ಸಿಕ್ಕಿತು. ಬ್ರೇಕ್ ಕೆಟ್ಟಿದೆ ಅಂತ ಗೊತ್ತಿದ್ದೂ ಗಾಡಿ ಕೊಟ್ಟ — ಕೇಸು ಈಗ ಅವನ ಮೇಲೆ.

ಮಲ್ಲಯ್ಯನವರು ಬಾಗಿಲು ಹಾಕಿ ಹೇಳಿದರು. "ಆ ಅಕ್ಷರ ಯಾರದೋ ನನಗ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ತಿಳೀತಿಲ್ಲೋ? ಕಂಪನಿಗೆ ಒಳ್ಳೇದಾ ಆತು. ಮಾಲೀಕಗ ತಿಳಿಸಿದ್ವಿ ಅನ್ನಬೌದು."

ಜೀವ ಉಳಿಸಲು ಬರೆದದ್ದು ಕಂಪನಿಯನ್ನು ಉಳಿಸಿತು.

28-4-74, ಭಾನುವಾರ

ದೇಶನೂರಿಗೆ ಹೋಗಿ ಬಂದೆ. ಸುಂಕಣ್ಣನ ಹೆಂಡತಿ ಹುಲುಗಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಶೋರೂಮಿನವನು ಅಂತಷ್ಟೇ ಹೇಳಿದೆ.

"ಪೋಸ್ಟಿನವ ಓಣ್ಯಾಗ ನಿಂತು ಓದಾಕ ಹತ್ತಿದ್ರಿ. 'ನಿಮ್ಮ ಗರುಡ ಕಾರಿನ' ಅಂದ. ಓಣಿ ಮಂದಿಯೆಲ್ಲ ನಕ್ರು — ಲೇ ಸುಂಕಣ್ಣ, ಕಾರಿನ ಧಣಿ ಯಾವಾಗ ಆದ್ಯೋ ಅಂತ. ಸಾವ್ಕಾರ್ರು ಮೊದ್ಲಾ ಹೇಳಿದ್ರಿ, ಕಾರಿನ ವಿಷ್ಯಾ ಯಾರ ಮುಂದಾದ್ರೂ ಬಾಯಿ ಬಿಟ್ರ ಕೆಲಸಕ್ಕ ಬರಬ್ಯಾಡ ಅಂತ. ಹೆದರಿ ನನ್ನ ಗಂಡ ಕಾಗದ ಕಸಗೊಂಡು ತಂದು ತೊಲಿ ಸಂದಿಗೆ ಸಿಕ್ಕಿಸಿದ."

"ಸಾವ್ಕಾರ್ರಿಗೆ ಯಾಕ ತೋರಿಸಲಿಲ್ಲ?"

"ಕಾಗದ ನಿನ್ನ ಹೆಸರಿಗೆ ಹೆಂಗ ಬಂತು, ಯಾರಿಗೆ ಹೇಳೀದಿ ಅಂತ ಬಡೀತಾರಂತ ಅಂಜಿದ್ನಿರಿ. ಒಳಗ ಏನಿತ್ತೋ ನಮಗೇನು ಗೊತ್ತು."

ಪೋಸ್ಟಿನವನು ಈಗ ಸಾಕ್ಷಿ. ಓದಿ ಹೇಳಿದೆ ಅಂದಿದ್ದಾನೆ. ಮೂರೇ ಪದ ಓದಿದೆ ಅಂತ ಅವನೂ ಹೇಳಲಿಲ್ಲ, ಪೊಲೀಸರೂ ಕೇಳಲಿಲ್ಲ.

ಎದ್ದು ಬರುವಾಗ ಹುಲುಗಮ್ಮ ಮಜ್ಜಿಗೆ ಕೊಟ್ಟಳು. ಕುಡಿದೆ. ನಾಚಿಕೆಯಿಲ್ಲದವನು.

5-5-74, ಭಾನುವಾರ

ನಾಳೆ ಕುರುಗೋಡು ಸ್ಟೇಷನ್ನಿಗೆ ಡೆಲಿವರಿ ಪುಸ್ತಕ ತರಬೇಕೆಂದು ಹೇಳಿಕಳಿಸಿದ್ದಾರೆ. ತೀರ್ಮಾನ ಮಾಡಿದ್ದೇನೆ. ಗಾಡಿ ಯಾರದು, ಕಾಗದ ಬರೆದವನು ಯಾರು, ಬೀರುವಿನಲ್ಲಿ ಏನಿದೆ — ಎಲ್ಲ ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ. ವೀರಭದ್ರಮ್ಮ ಬಿಳಿ ಅಂಗಿ ಇಸ್ತ್ರಿ ಮಾಡಿಟ್ಟಳು.

6-5-74, ಸೋಮವಾರ, ಸಂಜೆ 6

ಸಬ್‌ಇನ್‌ಸ್ಪೆಕ್ಟರ್ ಎದುರು ನಾನು. ಪಕ್ಕದ ಕುರ್ಚಿಯಲ್ಲಿ ಮಲ್ಲಯ್ಯನವರು. ಅವರ ಪಕ್ಕ ಕೊಟ್ರಬಸಪ್ಪನವರು, ಅವರಿಗೆ ಚಹಾ. ಸುಂಕಣ್ಣ ಗೋಡೆಗೆ ಅಂಟಿಕೊಂಡು ನೆಲದ ಮೇಲೆ. ನನ್ನನ್ನು ನೋಡಿದ ಕೂಡಲೇ ಅವನ ಮುಖ ಅರಳಿತು. ದೇವರೇ, ಅರಳಿತು.

"ಸಾಮಿ, ಇವ್ರನ್ನ ಕೇಳ್ರಿ! ಅವತ್ತು ಇವ್ರಾ ನನ್ನ ಹೆಬ್ಬೆಟ್ಟು ಹಿಡಿದು ಒತ್ತಿಸಿದ್ರಿ. ಮಸಿ ಒರೆಸಿಕೊಳ್ಳಾಕ ಬಟ್ಟೀನೂ ಕೊಟ್ರು. ಕಾರು ಸಾವ್ಕಾರ್ರದು, ನೀನು ಅಂಜಬ್ಯಾಡ ಅಂದಿದ್ರು. ಹೌದಿಲ್ರಿ?"

ಸಬ್‌ಇನ್‌ಸ್ಪೆಕ್ಟರ್ ನನ್ನ ಕಡೆ ತಿರುಗಿದರು. ಮಲ್ಲಯ್ಯನವರು ನನ್ನ ಕೈಬರಹದ ಡೆಲಿವರಿ ಪುಸ್ತಕವನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡರು.

"ವರ್ಷಾ ಎಷ್ಟೋ ಗಾಡಿ ಡೆಲಿವರಿ ಆಗ್ತಾವ, ಸರ್. ನೆನಪಿಲ್ಲ" ಅಂದೆ.

ವರ್ಷಕ್ಕೆ ಹತ್ತು ಗಾಡಿ ಕೊಟ್ಟರೆ ಹೆಚ್ಚು.

ಸುಂಕಣ್ಣ ಬೈಯಲಿಲ್ಲ. "ಇರ್ಲಿ ಬಿಡ್ರಿ, ಅವ್ರಿಗೆ ಮರ್ತಿರಬೇಕು" ಅಂದ, ಸಬ್‌ಇನ್‌ಸ್ಪೆಕ್ಟರಿಗೆ, ನನ್ನ ಪರವಾಗಿ. ಆಮೇಲೆ ಮಲ್ಲಯ್ಯನವರು ಅವನ ಹೇಳಿಕೆಯನ್ನು ಕಂಪನಿಗೆ ಇಂಗ್ಲಿಷಿನಲ್ಲಿ ಬರೆದುಕೊಡು ಅಂದರು. ಬರೆದುಕೊಟ್ಟೆ. ಫಾರಮ್ಮಿನ ಕೊನೆಯಲ್ಲಿ 'ಕಾರಣ' ಅಂತ ಕಾಲಮ್ಮಿತ್ತು. ಅಲ್ಲಿ ನಾನು 'ಮಾಲೀಕ ಸರಿಯಿಲ್ಲ' ಅಂತ ಬರೆದೆ.