ಹಲ್ಲು ಉಳಿಸಿದ್ದು ತಲೆಯನ್ನೂ ಉಳಿಸುತ್ತದೆಯೇ?

ವಿಲೋ ಬೆಂಡ್, ಸಸ್ಕಾಚೆವಾನ್

ಡಾಕ್ಟರ್ ಓಲ್ಸೆನ್ ಅವರಿಗೆ ವಂದನೆಗಳು.

ನಮ್ಮ ಐಸ್ ಹಾಕಿ ತಂಡದ ಹುಡುಗಿಯರಿಗೆಲ್ಲ ಹಲ್ಲಿನ ಅಚ್ಚು ತೆಗೆದು, ಆಡುವಾಗ ಕಚ್ಚಿಕೊಳ್ಳುವ ಮೌತ್‌ಗಾರ್ಡ್ ಮಾಡಿಕೊಟ್ಟವರು ನೀವು. ನಾನು ಆ ತಂಡದ ನಾಯಕಿ, ಕೋಚ್ ಮಗಳು ಡಾರಿಯಾ. ನಿಮ್ಮನ್ನು ಒಂದು ವಿಷಯ ಕೇಳಬೇಕಿತ್ತು.

ಶನಿವಾರದ ಪಂದ್ಯದಲ್ಲಿ ನನ್ನ ಗೆಳತಿ ಬ್ರಿನ್ ಐಸ್ ಅಂಗಳದ ಅಂಚಿನ ಗೋಡೆಗೆ ಜೋರಾಗಿ ಅಪ್ಪಳಿಸಿದಳು. ಅಪ್ಪ ಅವಳ ಬಾಯಿ ತೆರೆಸಿ ನೋಡಿ, "ಒಂದು ಹಲ್ಲೂ ಅಲ್ಲಾಡಿಲ್ಲ. ಮೌತ್‌ಗಾರ್ಡ್ ಇತ್ತಲ್ಲ, ಏನಾಗಲ್ಲ. ಹೋಗಮ್ಮ, ಆಡು" ಎಂದರು. ಬ್ರಿನ್ ನಗುತ್ತಲೇ ಎದ್ದಳು. ಆಮೇಲೆ ನನ್ನ ಕಿವಿಯಲ್ಲಿ, "ನಾವೀಗ ಯಾವೂರಲ್ಲಿದೀವಿ ಕಣೇ?" ಎಂದಳು. ನಾವಿದ್ದದ್ದು ನಮ್ಮೂರಿನಲ್ಲೇ.

"ಇವಳು ಆಡಿದ್ರೆ ನಾನು ಆಡಲ್ಲಪ್ಪ" ಎಂದು ಅವಳನ್ನು ಬೆಂಚಿಗೆ ಎಳೆದುಕೊಂಡು ಹೋಗಿ ಪಕ್ಕದಲ್ಲೇ ಕೂತುಬಿಟ್ಟೆ. ಪಂದ್ಯ ಸೋತೆವು. ಆಸ್ಪತ್ರೆಯಲ್ಲಿ ಮಿದುಳಿಗೆ ಪೆಟ್ಟಾಗಿದೆ ಎಂದರು. ಈಗ ಅವಳು ಪರದೆ ಎಳೆದ ಕೋಣೆಯಲ್ಲಿ ಮಲಗಿದ್ದಾಳೆ. ಬೆಳಕು ಕಂಡರೆ ತಲೆ ಸಿಡಿಯುತ್ತದಂತೆ.

ಹಲ್ಲು ಉಳಿಸಿದ ಮೌತ್‌ಗಾರ್ಡ್ ತಲೆಯನ್ನೇಕೆ ಉಳಿಸಲಿಲ್ಲ? ದವಡೆ ಅಲುಗದಿದ್ದರೂ ಒಳಗೆ ಮಿದುಳು ಅಲುಗುತ್ತದೆಯೇ? ಅಥವಾ ಮೌತ್‌ಗಾರ್ಡ್ ಇಲ್ಲದಿದ್ದರೆ ಬ್ರಿನ್‌ಗೆ ಇನ್ನೂ ಹೆಚ್ಚು ಪೆಟ್ಟಾಗುತ್ತಿತ್ತೇ? ಗುರುವಾರ ಅಭ್ಯಾಸದ ಹೊತ್ತಿಗೆ ಬಂದು ನಮಗೆಲ್ಲ ತಿಳಿಸಿ ಹೇಳುವಿರಾ? ಖಚಿತವಾಗಿ ಗೊತ್ತಿಲ್ಲದಿದ್ದರೆ ಹಾಗೆಂದೇ ಹೇಳಿ.

ಅಪ್ಪ ಶನಿವಾರದಿಂದ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಈಗಷ್ಟೇ ಹಿಂದೆ ನಿಂತು ಈ ಪತ್ರ ಓದಿದರು. "ಗುರುವಾರ ನಾನು ಮುಂದಿನ ಸಾಲಲ್ಲೇ ಕೂತ್ಕೋತೀನಿ ಅಂತಾನೂ ಬರಿ" ಎಂದರು.

ಇಂತಿ,
ಡಾರಿಯಾ ಹ್ರಿಟ್ಸಾಕ್