ಬಿಸಿಲಿಗೆ ಬರುವ ಸೀನು

ಮಾರ್ಚ್ ೧೨, ಮಂಗಳವಾರ

ಪ್ರಾಜೆಕ್ಟಿನ ವಿಷಯ ಕೊಡಲು ನಾಳೆಯೇ ಕೊನೆ ದಿನ. ಕ್ಯಾನ್ಸರ್ ಜೀನುಗಳ ಬಗ್ಗೆ ಬರೆದುಕೊಂಡು ಹೋಗಿದ್ದೆ. ತಳಿಶಾಸ್ತ್ರದ ಮೇಡಂ ಓದಿ, "ಇದು ಒಂದು ಜನ್ಮಕ್ಕೆ ಮುಗಿಯಲ್ಲ ಕಣಮ್ಮ, ನಿನಗಿರೋದು ಒಂದೇ ಸೆಮಿಸ್ಟರ್" ಅಂದರು. ಮುಖ ಸಪ್ಪೆ ಮಾಡಿಕೊಂಡು ಅವರ ಜೊತೆಯೇ ಲ್ಯಾಬಿನಿಂದ ಹೊರಬಂದೆ. ಬಿಸಿಲು ಕಣ್ಣಿಗೆ ಬಿದ್ದದ್ದೇ ತಡ, ಎಂದಿನಂತೆ ಸಾಲು ಸೀನು. ಮೇಡಂ ನಿಂತೇಬಿಟ್ಟರು. "ಬಿಸಿಲಿಗೆ ಸೀನೋದು ವಂಶದಲ್ಲಿ ಬರತ್ತೆ, ಗೊತ್ತಾ? ನಿಮ್ಮನೇಲಿ ಇನ್ಯಾರಿಗಿದೆ?"

ಅಪ್ಪನಿಗಂತೂ ಇಲ್ಲ. ಸಂಜೆ ಅಮ್ಮನ ಕಡೆಯ ಅಜ್ಜಿಗೆ ಫೋನ್ ಮಾಡಿದೆ. ಅಜ್ಜಿ ನಕ್ಕಿದ್ದೇ ನಕ್ಕಿದ್ದು.

"ಅದು ನಿಮ್ಮಮ್ಮಂದೇ ಕಣೇ! ಬಿಸಿಲಿಗೆ ಬಂದ್ರೆ ಸಾಕು, ಶುರು. ಮದುವೆ ಫೋಟೋದಲ್ಲಿ ಮೂಗು ಮುಚ್ಕೊಂಡಿರೋದು ಅದಕ್ಕೇ."

ಆ ಫೋಟೋದಲ್ಲಿ ಅಮ್ಮ ಅಳುತ್ತಿದ್ದಾಳೆ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ. ಅವಳು ಹೋದಾಗ ನನಗೆ ಎರಡು ವರ್ಷ. ಎಲ್ಲರೂ ನನ್ನನ್ನು ಅಪ್ಪನ ಪಡಿಯಚ್ಚು ಅನ್ನುತ್ತಾರೆ. ಅಮ್ಮನದೂ ಏನೋ ಒಂದು ನನ್ನಲ್ಲಿದೆ ಅಂತ ಇವತ್ತೇ ಕೇಳಿದ್ದು.

ವಿಷಯ ಸಿಕ್ಕಿತು. ಭಾನುವಾರ ಮಾವಂದಿರನ್ನೂ ಅವರ ಮಕ್ಕಳನ್ನೂ ಬಿಸಿಲಲ್ಲಿ ನಿಲ್ಲಿಸಬೇಕು. ದೊಡ್ಡ ಮಾವ ಗೊಣಗುತ್ತಾರೆ, ಗೊಣಗಲಿ. ಕಣ್ಣು ಎಳೆಯುತ್ತಿದೆ. ಚಿಕ್ಕ ಮಾವನ ಮಗಳು ಇನ್ನೂ ತೊಟ್ಟಿಲ ಕೂಸು. ಅವಳೇನಾದರೂ ಸೀನಿಬಿಟ್ಟರೆ, ಅಮ್ಮನೇ ಸೀನಿದಳು ಅಂತ ನಾನು...