ಗಾಜಿನ ಪೆಟ್ಟಿಗೆಗೆ ಹೊಂದುವ ಮೀನು

ತಿಕೋಟಾ
ತಾ. ೧೧ ಫೆಬ್ರುವರಿ ೧೯೪೯

ಗೆಳೆಯ ಸೈಫುದ್ದೀನನಿಗೆ ಬಸಗೊಂಡಪ್ಪನ ನಮಸ್ಕಾರ.

ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಬರೆಯುವುದಿಲ್ಲ. ನೀನು ಕಳಿಸಿದವರಲ್ಲಿ ಬಹಳ ಮಂದಿ ಸತ್ತಿದ್ದಾರೆ, ಅದೂ ಒಬ್ಬರನ್ನೊಬ್ಬರು ತಿಂದು. ನಾನು ಮತ್ತು ನನ್ನ ಎತ್ತುಗಳು ಚೆನ್ನಾಗಿದ್ದೇವೆ.

ನಿನ್ನ ಮೂರನೆಯ ಭರಣಿ ಮೊನ್ನೆ ತೆಂಗಿನಕಾಯಿ ಲಾರಿಯಲ್ಲಿ ಬಂತು. ರತ್ನಾಗಿರಿ ಬಿಟ್ಟು ಮಿರಜ, ಅಥಣಿ ದಾಟಿ ಇಲ್ಲಿಗೆ ಬರುವಷ್ಟರಲ್ಲಿ ಅರ್ಧ ನೀರು ಚೆಲ್ಲಿ ಡ್ರೈವರನ ಹಾಸಿಗೆ ತೊಯ್ದಿತ್ತು. ಆತ ಭರಣಿಯನ್ನು ನನ್ನ ಕೈಗೆ ಕೊಡುತ್ತ, "ಮುತ್ಯಾ, ನೀವು ಮೀನ ತಿನ್ನೂ ಮಂದಿ ಅಲ್ಲ. ತರಿಸಿ ಏನ್ ಮಾಡ್ತೀರಿ?" ಎಂದ. ಸಾಕುತ್ತೇನೆ ಎಂದೆ. "ಹಾಲ ಕೊಡ್ತಾವೇನ್ರಿ?" ಎಂದು ಕೇಳಿ, ಉತ್ತರಕ್ಕೂ ನಿಲ್ಲದೆ ಲಾರಿ ಹೊಡೆದುಕೊಂಡು ಹೋದ. ಇದೂ ನಿನ್ನ ಲೆಕ್ಕಕ್ಕೇ ಸೇರಿತು. ಉಪ್ಪಿನಕಾಯಿ ಭರಣಿಯನ್ನು ತೊಳೆದು ನೀರು ತುಂಬು ಎಂದು ಎಷ್ಟು ಸಲ ಬರೆಯಬೇಕು? ಮೊದಲ ಸಲ ಬಂದ ನೀರಿನಲ್ಲಿ ಸಾಸಿವೆ ತೇಲುತ್ತಿತ್ತು.

ನಾನು ಈ ಉಸಾಬರಿಗೆ ಏಕೆ ಬಿದ್ದೆ ಎಂಬುದು ನಿನಗೆ ಅರ್ಧ ಗೊತ್ತು. ಉಳಿದರ್ಧ ಬರೆಯುತ್ತೇನೆ, ಇಲ್ಲದಿದ್ದರೆ ನೀನು ಇನ್ನೂ ಹುಡುಗಾಟಿಕೆ ಎಂದೇ ತಿಳಿಯುತ್ತೀ. ದಸರೆ ಮುಗಿಸಿ ನಿನ್ನಲ್ಲಿಗೆ ಬಂದು ಸಮುದ್ರ ನೋಡಿಕೊಂಡು ಹೋದೆನಲ್ಲ, ಅಂದಿನಿಂದ ಮನೆಯಾಕೆ ಕಾಳವ್ವ ನನ್ನ ಕೂಡ ಮಾತು ಬಿಟ್ಟಿದ್ದಾಳೆ. ಅಡಿಗೆ ಮಾಡುತ್ತಾಳೆ, ಬಡಿಸುತ್ತಾಳೆ, ಎತ್ತುಗಳಿಗೆ ಹಿಂಡಿ ಕಲಸುತ್ತಾಳೆ. ಮಾತು ಮಾತ್ರ ಇಲ್ಲ. ಹೇಳುವುದು ಏನಾದರೂ ಇದ್ದರೆ ಆಕಳಿಗೆ ಹೇಳುತ್ತಾಳೆ. "ಏ ಗಂಗೀ, ನಿನ್ನ ಧಣ್ಯಾಗ ಹೇಳು, ರೊಟ್ಟಿ ಆರಾಕತ್ತಾವು." ಆಕಳು ಹಿತ್ತಲಲ್ಲಿ ಇದ್ದ ದಿನ ಕಂಬಕ್ಕೆ ಹೇಳುತ್ತಾಳೆ. ಸ್ವಂತ ಮನೆಯಲ್ಲಿ ಕಂಬದ ಮುಖಾಂತರ ಊಟಕ್ಕೆ ಕರೆಸಿಕೊಳ್ಳುವ ಗಂಡಸು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ತನ್ನನ್ನು ಬಿಟ್ಟು ಸಮುದ್ರ ನೋಡಿ ಬಂದದ್ದಕ್ಕೆ ಆಕೆಗೆ ಸಿಟ್ಟು ಎಂದು ನಾನು ತಿಳಿದೆ. ತಪ್ಪಾಯಿತು ಎನ್ನುವುದು ನನ್ನ ಬಾಯಿಂದ ಬರುವ ಮಾತಲ್ಲ. ಅದಕ್ಕೇ ಸಮುದ್ರವನ್ನೇ ಮನೆಗೆ ತರೋಣ ಎಂದುಕೊಂಡೆ. ವಿಜಾಪುರದ ಪೇಟೆಯಲ್ಲಿ ದೇವರ ಪಟಕ್ಕೆ ಕಟ್ಟು ಹಾಕುವವನಿಂದ ಗಾಜಿನ ಪೆಟ್ಟಿಗೆ ಮಾಡಿಸಿದೆ. ಮೂರು ಗೇಣು ಉದ್ದ, ಒಂದೂವರೆ ಗೇಣು ಎತ್ತರ. ಮೊದಲ ದಿನವೇ ಸೋರಿ ಜೋಳದ ಚೀಲ ತೊಯ್ದದ್ದು ಬೇರೆ ಕಥೆ.

ಇನ್ನು ಮೀನಿಗೆ ಬರುತ್ತೇನೆ. ಬಬಲೇಶ್ವರದ ದನದ ಸಂತೆಯಲ್ಲಿ ನನ್ನ ಹೆಸರು ಏನೆಂದು, ಅಲ್ಲಿ ನನ್ನ ಬಾಜೂಕೇ ಕುಳಿತು ಮೂಗುದಾರ ಮಾರಿದ ನಿನಗೆ ಹೇಳಬೇಕಾಗಿಲ್ಲ. ಎತ್ತಿಗೆ ಜೋಡಿ ಹುಡುಕುವವರು ನನ್ನನ್ನು ಕರೆಯದೆ ಹಗ್ಗ ಬಿಚ್ಚುತ್ತಿರಲಿಲ್ಲ. ಹಲ್ಲು, ಬೆನ್ನ ಮೇಲಿನ ಹಿಣಿಲು, ಕೋಡು, ಬಣ್ಣ, ನಡಿಗೆ ಎಲ್ಲ ಸರಿಸಮ ಇರಬೇಕು. ಒಂದು ಎತ್ತು ನಾಲ್ಕು ಬೆರಳು ಎತ್ತರವಾದರೂ ನೊಗ ವಾಲುತ್ತದೆ. ಆ ಲೆಕ್ಕದಲ್ಲೇ ನಿನಗೆ ಬರೆದೆ: ಒಂದೇ ಜಾತಿಯ, ಒಂದೇ ಬಣ್ಣದ, ಒಂದೇ ಅಳತೆಯ ಎರಡು ಗಟ್ಟಿ ಮೀನು ಕಳಿಸು. ನೀನು ಕಳಿಸಿದೆ. ಕಪ್ಪು ಹಳದಿ ಪಟ್ಟೆಯ ಜೋಡಿ. ಎಷ್ಟು ಸಮ ಇದ್ದವೆಂದರೆ ನನ್ನ ಕಣ್ಣಿಗೂ ಬೇರೆ ಮಾಡಲಾಗಲಿಲ್ಲ. ಖಿಲಾರಿ ಹೋರಿಗಳಲ್ಲೂ ಅಂಥ ಜೋಡಿ ನಾನು ಕಂಡಿಲ್ಲ.

ಮಧ್ಯಾಹ್ನ ಊಟಕ್ಕೆ ಕೂರುವಷ್ಟರಲ್ಲಿ ಬೇರೆ ಮಾಡಲು ಬಂತು, ಏಕೆಂದರೆ ಒಂದಕ್ಕೆ ಬಾಲ ಇರಲಿಲ್ಲ. ಒಂದು ಮೂಲೆಯಲ್ಲಿರುವ ಕಲ್ಲಿನ ಸಂದು ತನ್ನದೆಂದು ಎರಡಕ್ಕೂ ಹಟ. ಸಂಜೆಗೆ ಸೋತದ್ದು ಮಗುಚಿಕೊಂಡು ತೇಲಿತು. ಆಗ ಕಾಳವ್ವ ಬಂದು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. ಬಹಳ ಹೊತ್ತು ನೋಡಿ ಗೆದ್ದ ಮೀನಿಗೆ ಹೇಳಿದಳು: "ಏ ಪಟ್ಟೇದಾತ, ನಿನ್ನ ತಂದಾತಗ ಕೇಳು. ನಿನ್ನ ಏನ್ ನೊಗಾ ಎಳಿಯಾಕ ತಂದಾನೇನು?"

ಸೈಫ್ಯಾ, ನನಗೆ ಸಿಟ್ಟು ಬಂತು, ಖರೇ. ಆದರೆ ಆಕಳನ್ನೂ ಕಂಬವನ್ನೂ ಬಿಟ್ಟು ಪೆಟ್ಟಿಗೆಯ ತನಕ ಬಂದಳಲ್ಲ. ಇನ್ನೊಂದು ಭರಣಿ ಬಂದರೆ ನನ್ನ ತನಕ ಬಂದಾಳು ಎಂದು ಆಸೆಯಾಯಿತು. ಅದಕ್ಕೇ ಮತ್ತೆ ಬರೆದೆ. ಇಲ್ಲದಿದ್ದರೆ ನಿನ್ನ ಮೀನು ಯಾರಿಗೆ ಬೇಕಾಗಿತ್ತು?

ನಡುವೆ ತಿನ್ನಿಸುವ ಫಜೀತಿ. ನಮ್ಮ ಮನೆಯಲ್ಲಿ ಏನಿದೆಯೋ ಅದನ್ನೇ ಹಾಕಿದೆ. ಜೋಳದ ರೊಟ್ಟಿಯನ್ನು ಸಣ್ಣಗೆ ಮುರಿದು ಹಾಕಿದೆ. ಮೀನು ಮೂಸಿ ಕೂಡ ನೋಡಲಿಲ್ಲ. ರೊಟ್ಟಿ ತಳಕ್ಕೆ ಕುಳಿತು ಹಳಸಿ, ನೀರು ಅಂಬಲಿಯಾಗಿ, ಪಡಸಾಲೆಯಲ್ಲಿ ಕೂರಲಾರದ ನಾತ. ಕೊನೆಗೆ ಪಕ್ಕದ ಮನೆಯ ಪೀರಾಂಬಿ ಕಿಟಕಿಯಿಂದ ಇಣುಕಿ, "ಕಾಕಾ, ಅದು ಶರಣರ ಮೀನ ಅಲ್ಲರಿ. ಅದಕ್ಕ ರೊಟ್ಟಿ ಯಾಕ ಹಾಕ್ತೀರಿ?" ಎಂದು ತನ್ನ ಮನೆಯಿಂದ ಒಣ ಸಿಗಡಿಯನ್ನು ನೆನೆಸಿ ತಂದಳು. ಲಿಂಗವಂತರ ಪಡಸಾಲೆಯಲ್ಲಿ ಸಿಗಡಿ. ಕಾಳವ್ವ ರಂಪ ಮಾಡುತ್ತಾಳೆಂದು ನಾನು ಕಾದೆ. ಆಕೆ ಕಂಬದ ಕಡೆ ತಿರುಗಿ, ಕಿಟಕಿಯ ಆಚೆ ನಿಂತು ಉದ್ದ ಕಡ್ಡಿಗೆ ಸಿಕ್ಕಿಸಿ ತಿನ್ನಿಸುವುದಾದರೆ ತನ್ನ ಅಡ್ಡಿಯಿಲ್ಲ ಎಂದಳು. ಅಂದಿನಿಂದ ಹಾಗೇ ನಡೆದಿದೆ. ಪೀರಾಂಬಿ ಹೊರಗಿನಿಂದ ಕಡ್ಡಿ ಚಾಚುತ್ತಾಳೆ, ನಾನು ಒಳಗೆ ಕುಳಿತು ಸೌಟಿನಿಂದ ನೀರು ಎತ್ತಿ ಎತ್ತಿ ಹೊಯ್ಯುತ್ತೇನೆ. ಹೊಯ್ಯದಿದ್ದರೆ ಅವಕ್ಕೆ ಉಸಿರು ಕಟ್ಟುತ್ತದೆ ಎಂದು ನೀನೇ ಬರೆದೆಯಲ್ಲ. ಈ ವಯಸ್ಸಿನಲ್ಲಿ ಮೀನಿಗೆ ಗಾಳಿ ಹಾಕುವ ಚಾಕರಿ.

ನೀರಿನದು ಇನ್ನೊಂದು. ಬಿಸಿಲು ಚುರುಕಾಗಿ ಪೆಟ್ಟಿಗೆಯ ನೀರು ಇಳಿಯತೊಡಗಿತು. ಉಪ್ಪಿನ ಜೀವಕ್ಕೆ ಉಪ್ಪಿನ ನೀರೇ ಸರಿ ಎಂದು ನಾನು ಹೊಲದ ಸವಳು ಬಾವಿಯಿಂದ ಕೊಡ ತುಂಬಿ ತಂದು ಸುರಿದೆ. ಬಾವಿ ದೇವರು ಕೊಟ್ಟದ್ದು, ರತ್ನಾಗಿರಿಯ ತನಕ ಏಕೆ ಹೋಗಬೇಕು ಎಂಬುದು ನನ್ನ ಲೆಕ್ಕ. ದಿನ ಕಳೆದಂತೆ ಗಾಜಿನ ಅಂಚಿಗೆ ಬೆಳ್ಳಗೆ ಉಪ್ಪು ಕಟ್ಟಿತು, ಪಟ್ಟೆಯ ಮೀನು ತಳದಲ್ಲಿ ಕುಳಿತು ಬಾಯಿ ತೆರೆದು ಏದುಸಿರು ಬಿಡತೊಡಗಿತು. ಕಾಳವ್ವ ಅದಕ್ಕೆ ಹೇಳಿದಳು: "ಆರೂದು ನೀರು, ಉಪ್ಪಲ್ಲ. ಸವಳ ನೀರ ಹಾಯ್ಸಿದ ಹೊಲಾ ಬೆಳ್ಳಗಾಗೂದು ಕಂಡೂ ನಿನ್ನ ಧಣ್ಯಾಗ ತಿಳೀಲಿಲ್ಲಲ್ಲೋ ನನ್ನಪ್ಪ." ಮಾರನೆಯ ದಿನ ನೋಡಿದರೆ ಗಾಜಿನ ಮೇಲೆ ವಿಭೂತಿಯಿಂದ ಒಂದು ಗೆರೆ. ನೀರು ಆ ಗೆರೆಗಿಂತ ಇಳಿದರೆ ಸೀ ನೀರು ಹಾಕಬೇಕು, ಗೆರೆ ದಾಟಬಾರದು. ಯಾರು ಎಳೆದದ್ದು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಆಕಳು ಉತ್ತರ ಕೊಡುತ್ತಿತ್ತು.

ಅಷ್ಟರಲ್ಲಿ ನಿನ್ನ ಎರಡನೆಯ ಭರಣಿ. ಅಂಗೈ ಅಗಲದ ಏಡಿ, ಜೊತೆಗೆ ಗುಬ್ಬಿ ಶಂಖದ ಹುಳುಗಳು. ಹುಳು ಗಾಜಿನ ಪಾಚಿ ತಿನ್ನುತ್ತವೆ, ಏಡಿ ಉಳಿದ ಕಸ ತೆಗೆಯುತ್ತದೆ ಎಂದು ನೀನೇ ಚೀಟಿ ಇಟ್ಟಿದ್ದೆ. ಏಡಿ ಕಸ ತೆಗೆಯಿತು. ಹುಳುಗಳನ್ನು ಒಂದೊಂದಾಗಿ ಚಿಪ್ಪು ಒಡೆದು ತೆಗೆಯಿತು, ಆಮೇಲೆ ಪಟ್ಟೆಯ ಮೀನನ್ನೂ ತೆಗೆಯಿತು. ಏಡಿಯನ್ನು ಇಕ್ಕಳದಿಂದ ಹಿಡಿದು ಖಾಲಿ ಭರಣಿಗೆ ಹಾಕಿದೆ, ಹೋಗುವಾಗ ನನ್ನ ಹೆಬ್ಬೆರಳಿಗೂ ಒಂದು ಗುರುತು ಮಾಡಿತು. ಭರಣಿಯಲ್ಲಿ ಕೆಲವು ದಿನ ಬದುಕಿ ಸತ್ತಿತು. ನಾನೇನೂ ಅಳಲಿಲ್ಲ.

ಮೊನ್ನೆ ಬಂದದ್ದು ಸಮುದ್ರದ ಹೂ ಮತ್ತು ಎರಡು ಎಳೆಯ ಸಿಗಡಿ. ಹೂ ಎಂದು ಬರೆದರೆ ಯಾರಾದರೂ ಹೂ ಎಂದೇ ತಿಳಿಯುತ್ತಾರೆ. ಕಲ್ಲಿಗೆ ಕಚ್ಚಿಕೊಂಡು ಎಸಳು ಬಿಚ್ಚಿ ಚೆಂದವಾಗಿಯೇ ನಿಂತಿತು. ಸಿಗಡಿ ಹೋಗಿ ಎಸಳಿಗೆ ತಾಗಿತು, ಹೂ ಮುಚ್ಚಿಕೊಂಡಿತು, ಸಿಗಡಿ ಮತ್ತೆ ಕಾಣಲಿಲ್ಲ. ಮರುದಿನ ಇನ್ನೊಂದು. ಈಗ ಪೆಟ್ಟಿಗೆಯಲ್ಲಿ ಉಳಿದಿರುವುದು ಆ ಹೂ ಮತ್ತು ಹೇಗೋ ಏಡಿಯ ಕಣ್ಣು ತಪ್ಪಿಸಿದ ಒಂದು ಶಂಖದ ಹುಳು. ಇಬ್ಬರೂ ಒಬ್ಬರಿಗೊಬ್ಬರು ಏನೂ ಅನ್ನುವುದಿಲ್ಲ. ಒಬ್ಬ ಗಾಜಿನ ಮೇಲೆ, ಒಬ್ಬ ಕಲ್ಲಿನ ಮೇಲೆ.

ಆದ್ದರಿಂದ ಈ ಸಲ ಕಿವಿಯಿಟ್ಟು ಕೇಳು. ಸರಿಸಮ ಜೋಡಿ ಬೇಡ. ಎತ್ತಿನ ಬುದ್ಧಿ ಇಲ್ಲಿ ನಡೆಯುವುದಿಲ್ಲ, ಇಲ್ಲಿ ನೊಗವಿಲ್ಲ, ಜಾಗವಿದೆ. ಒಬ್ಬರ ಜಾಗ ಇನ್ನೊಬ್ಬರಿಗೆ ಬೇಡವಾಗಿರಬೇಕು, ಒಬ್ಬರ ಬಾಯಿಗೆ ಇನ್ನೊಬ್ಬರು ಹಿಡಿಸಬಾರದು. ಖಾಲಿ ಶಂಖದಲ್ಲಿ ಬಾಡಿಗೆಗೆ ಇರುವ ಸಣ್ಣ ಏಡಿಗಳು ಬಂಡೆಯ ಗುಂಡಿಗಳಲ್ಲಿ ಇರುತ್ತವೆ ಎಂದಿದ್ದೆಯಲ್ಲ, ಅವುಗಳಲ್ಲಿ ಉಗುರಿನಷ್ಟು ಇರುವವನ್ನು ಆರಿಸು. ಬೆಳೆದಾಗ ಮನೆ ಬದಲಿಸುತ್ತವಂತೆ, ಅದಕ್ಕೆ ದೊಡ್ಡ ಖಾಲಿ ಶಂಖಗಳನ್ನೂ ಹಾಕು, ಇಲ್ಲದಿದ್ದರೆ ಮನೆಗಾಗಿ ಹುಳುವಿನ ಜೀವ ತೆಗೆದಾವು. ಶಂಖದ ಹುಳು ಇನ್ನಷ್ಟು ಬರಲಿ. ಐದು ಕಾಲಿನ ನಕ್ಷತ್ರ ಬೇಡ, ಅದು ಚಿಪ್ಪಿನ ಜೀವಗಳನ್ನು ತಿನ್ನುತ್ತದೆಂದು ನೀನೇ ಹೇಳಿದ್ದಿ. ಇನ್ನೊಂದು ಹೂವೂ ಬೇಡ. ಮೀನು ಒಂದೇ ಸಾಕು, ಯಾವುದೆಂದು ನನಗೆ ಬಗೆಹರಿದಿಲ್ಲ, ಪಟ್ಟೆಯದ್ದಂತೂ ಆಗದು. ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವನು, ನನಗೆ ಇಷ್ಟು ತಿಳಿದಿದೆ. ಸಮುದ್ರದ ಬಾಜೂಕ ಕುಳಿತ ನಿನಗೆ ತಿಳಿಯಬಾರದೇ?

ಇನ್ನು ನಿನ್ನೆ ನಡೆದದ್ದು. ಇದಕ್ಕೇ ಕಾಗದ ಬರೆಯಲು ಕುಳಿತದ್ದು.

ಕೆಳಗಿನ ಓಣಿಯ ಶಿವಯೋಗೆಪ್ಪ ಪೆಟ್ಟಿಗೆ ನೋಡಲು ಬಂದಿದ್ದ. ಹೂವನ್ನು ನೋಡಿ, ಗಾಜಿಗೆ ಮೂಗು ಒತ್ತಿ, ಕಾಳವ್ವನಿಗೆ ಹೇಳಿದ: "ಯವ್ವಾ, ಇದ ಇಷ್ಟ ಚಂದ ಇದ್ದರ ಅಲ್ಲಿ ಹೆಂಗಿರಬೇಕು. ನಿಮ್ಮ ಯಜಮಾನ್ರು ಸೊಂಟದ ಮಟ ನೀರಾಗ ನಿಂತಿದ್ರಂತಲ್ಲ. ತೆರಿ ಬಂದು ಎದಿಗೆ ಹೊಡದ್ರೂ ಅಲಗಲಿಲ್ಲಂತ. ಕಟ್ಟಿ ಮ್ಯಾಲ ಎಲ್ಲಾರೂ ಅದನ್ನ ಮಾತಾಡ್ತಾರ."

ಕಾಳವ್ವ ಆತನನ್ನು ಬಾಗಿಲ ತನಕ ಕಳಿಸಿ ಬಂದಳು. ಆಮೇಲೆ ತಿರುಗಿದಳು. ಆಕಳ ಕಡೆಗಲ್ಲ, ಕಂಬದ ಕಡೆಗಲ್ಲ, ಹೂವಿನ ಕಡೆಗೂ ಅಲ್ಲ. ನನ್ನ ಮುಖ ನೋಡಿ ಹೇಳಿದಳು: "ಸಮುದ್ರಾ ಯಾರಿಗೆ ಬೇಕಾಗಿತ್ತರಿ? ಊರಿಗೆಲ್ಲಾ ಕುಂತು ಹೇಳೀರಿ. ಪೀರಾಂಬಿ ಕಡಿಂದ ನಾ ಕೇಳಬೇಕಾತು. ಮನ್ಯಾಗಿನ ಆಕಿಗೆ ಒಂದ ಮಾತ ಹೇಳಾಕ ನಿಮಗ ಏನಾಗಿತ್ತು?"

ಇಷ್ಟು ದಿನ ಕಾದ ಮಾತು ಬಂತು, ಬಂದದ್ದು ಹೀಗೆ. ಎತ್ತಿಗೆ ನೀರು ಕುಡಿಸಬೇಕು ಎಂದು ಎದ್ದು ಹೋದೆ. ಎತ್ತುಗಳು ಆಗಲೇ ಕುಡಿದಿದ್ದವು. ತಿರುಗಿ ಬಂದಾಗ ಆಕೆ ಮತ್ತೆ ಹೂವಿನ ಮುಂದೆ ಕುಳಿತಿದ್ದಳು, ಹೂವಿಗೂ ಏನೂ ಹೇಳಲಿಲ್ಲ. ಅದು ಮೊದಲಿಗಿಂತ ಕಷ್ಟ.

ಈಗ ಆಕೆ ನಿನಗೆ ಕಾಗದ ಬರೆಸುತ್ತಾಳೆ ಎಂದು ನನಗೆ ಅನುಮಾನ. ಬರೆಸಿದರೆ ನೀನು ಸೊಂಟದ ತನಕ ಎಂದೇ ಉತ್ತರ ಕೊಡು. ಎದೆಯ ತನಕ ಎಂದರೆ ನಂಬುವುದಿಲ್ಲ, ಮೊಣಕಾಲು ಎಂದರೆ ಕಟ್ಟೆಯ ಮೇಲೆ ನನ್ನ ಮಾನ ಉಳಿಯುವುದಿಲ್ಲ. ಸೊಂಟ. ಇದೊಂದು ಕೆಲಸವನ್ನಾದರೂ ಸರಿಯಾಗಿ ಮಾಡು. ಅಕ್ಷರ ಡೊಂಕಾಗಿದ್ದರೆ ಸಮಾಧಾನದಿಂದ ಓದಿಕೊ, ನನ್ನ ಹೆಬ್ಬೆರಳನ್ನು ನಿನ್ನ ಏಡಿ ಕಚ್ಚಿದೆ.

ನಿನ್ನ ಮೇಲೆ ಸಿಟ್ಟಾಗಿರುವ
ಬಸಗೊಂಡಪ್ಪ

ತಾ.ಕ.: ಮರುದಿನ ಮುಂಜಾನೆ ಬರೆಯುತ್ತಿದ್ದೇನೆ. ಸೊಂಟದ ಸುದ್ದಿ ಬಿಡು, ಕೆಲಸ ಕೆಟ್ಟಿತು. ಎದ್ದು ನೋಡಿದರೆ ಕಾಳವ್ವ ನನ್ನ ಸೌಟು ಹಿಡಿದು ಪೆಟ್ಟಿಗೆಗೆ ನೀರು ಎತ್ತಿ ಹೊಯ್ಯುತ್ತಿದ್ದಳು. "ಈಗರೆ ಹೇಳ್ರಿ" ಎಂದಳು. ಸೊಂಟ ಎನ್ನಲು ಬಾಯಿ ತೆರೆದೆ, ಬರಲಿಲ್ಲ. ಇಡೀ ಊರಿನ ಮುಂದೆ ಸರಾಗ ಬಂದ ಸುಳ್ಳು ಈ ಒಬ್ಬಳ ಮುಂದೆ ಎಂದೂ ನಿಂತದ್ದಿಲ್ಲ. ಆಕೆಗೆ ಹೇಳದೆ ಉಳಿದದ್ದು ಮತ್ತೇತಕ್ಕೆ? ನಡೆದದ್ದನ್ನೇ ಹೇಳಿದೆ. ಮೊದಲ ತೆರೆ ಕಾಲ್ಬೆರಳಿಗೆ ತಾಗಿದ್ದು, ನಾನು ತಲೆಯ ಪಟಗ ಬಿಟ್ಟು ಓಡಿದ್ದು, ಮಗುಚಿದ ದೋಣಿಯ ಹಿಂದೆ ಅಡಗಿ ಕುಳಿತದ್ದು, ನೀನು ಬಂದು ರಟ್ಟೆ ಹಿಡಿದು ಎಬ್ಬಿಸುವ ತನಕ ಕಣ್ಣು ತೆರೆಯದ್ದು. ಆಕೆ ಸೆರಗು ಬಾಯಿಗೆ ಒತ್ತಿಕೊಂಡಳು, ಆಮೇಲೆ ನೆಲಕ್ಕೇ ಕುಳಿತು ನಕ್ಕಳು. ಸಪ್ಪಳಕ್ಕೆ ಪೀರಾಂಬಿ ಕಿಟಕಿಗೆ ಬಂದಳು, ಅವಳಿಗೂ ಹೇಳಿ ಆಯಿತು. ಈ ವಾರದ ಸಂತೆಗೆ ನಾನು ಬಬಲೇಶ್ವರಕ್ಕೆ ಹೋಗುವುದಿಲ್ಲ. ಈಗ ಬಾಜೂಕ ಕುಳಿತು ಒಂದೇ ಸಮನೆ ಮಾತಾಡುತ್ತಿದ್ದಾಳೆ, ಅಕ್ಷರ ಕೂಡಿಸಲು ಬಿಡುತ್ತಿಲ್ಲ. ಮೀನನ್ನು ಆಕೆಯೇ ಆರಿಸಿದ್ದಾಳೆ. ಹೇಳಿದ ಹಾಗೇ ಬರೆಯುತ್ತೇನೆ: "ಸಣ್ಣದ ಒಂದ ಕಳಸಂತ ಬರೀರಿ. ನೆರಳ ಕಂಡ್ರ ಸಾಕು, ಕಲ್ಲಿನ ಹಿಂದ ಓಡಿ ಕುಂಡ್ರೂದು ಇರಲಿ." ಅದಕ್ಕೆ ಹೆಸರನ್ನೂ ಇಟ್ಟಿದ್ದಾಳೆ. ಏನೆಂದು ನಾನು ಬರೆಯುವುದಿಲ್ಲ.